ನಮ್ಮ ಕಿಟಕಿ ಪಕ್ಕದ ಮಂಚದ ವಿಷಯವಾಗಿ, ನಾಲ್ಕು ರಸ್ತೆಯ ಕೆಂಪು ದೀಪದವರಿಗೆ

ಮಾನ್ಯರೇ,

ಮಳೆ ನೋಡದೆ ಬಿಸಿಲು ನೋಡದೆ, ಒಂದೇ ಕಾಲಿನ ಮೇಲೆ ನಿಂತು, ನಾಲ್ಕು ರಸ್ತೆಯ ಜನರನ್ನು ಕಣ್ಸನ್ನೆಯಲ್ಲೇ ಆಳುತ್ತಿರುವ ತಮಗೆ ಎದುರು ಕಟ್ಟಡದ ಮೊದಲ ಮಹಡಿಯ ಎಡಗಡೆ ಮನೆಯವನು ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ನಮ್ಮ ಕಿಟಕಿಯಿಂದಲೇ ಕಾಣುವುದರಿಂದ ಕ್ಷೇಮ ವಿಚಾರಿಸುವ ಸಾಲನ್ನು ಬಿಟ್ಟಿದ್ದೇನೆ, ಅದನ್ನು ಅಗೌರವವೆಂದು ತಿಳಿಯಬಾರದು. ದೀಪಕ್ಕೆ ಪತ್ರ ಬರೆಯಬಹುದೋ ಬಾರದೋ, ಬರೆದರೆ ಯಾವ ಬಣ್ಣದವರಿಗೆ ಬರೆಯಬೇಕು ಎಂದು ಮೂರು ದಿನ ತಲೆ ಕೆಡಿಸಿಕೊಂಡು, ಎಲ್ಲರಿಗಿಂತ ಮೇಲೆ ಕೂತಿರುವುದರಿಂದ ತಾವೇ ಹಿರಿಯರಿರಬೇಕೆಂದು ತೀರ್ಮಾನಿಸಿದ್ದೇನೆ. ಹಳದಿಯವರು ಹಸಿರಿನವರು ಬೇಜಾರು ಮಾಡಿಕೊಳ್ಳಬಾರದು ಎಂದು ತಾವೇ ಒಂದು ಮಾತು ಹೇಳಿಬಿಡಿ, ಇಲ್ಲದಿದ್ದರೆ ಅದೊಂದು ಚಿಂತೆ ನನಗೆ ಉಳಿದುಬಿಡುತ್ತದೆ.

ನಾನು ಕಿಟಕಿಗೆ ಗಾಜು ಕೂರಿಸುವವನು. ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯ ಒಡೆದ ಗಾಜು ಬದಲಾಯಿಸಲು ಬಂದ ಸೋದರಮಾವನಿಗೆ ಕೈಯಾಸರೆಗೆಂದು ಹೊರಗೆ ಹೋದವನು ಹೊರಗೇ ಉಳಿದೆ. ಆಮೇಲೆ ನಾನು ಶಾಲೆಗಳನ್ನು ನೋಡಿದ್ದೆಲ್ಲ ಕಿಟಕಿಯ ಆಚೆ ನಿಂತು. ಆದ್ದರಿಂದ ಅಕ್ಷರ ತಪ್ಪಿದ್ದರೆ ಮನ್ನಿಸಬೇಕು. ನಲವತ್ತೊಂದು ವರ್ಷ ಗಾಜಿನ ಜೊತೆ ಬದುಕಿದವನಾದ್ದರಿಂದ, ಬೇರೆಯವರಿಗೆ ಕಿಟಕಿಯಲ್ಲಿ ಆಕಾಶ ಕಂಡರೆ ನನಗೆ ಅದರ ಮೂಲೆಯಲ್ಲಿರುವ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಇದು ಕಾಯಿಲೆ ಎಂದು ನಮ್ಮ ಮನೆಯವಳ ಅಭಿಪ್ರಾಯ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯವಳಿಗೆ ಬಲಗಾಲಿನ ಮಂಡಿಯ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವಳು ಒಂದು ವಾರಪತ್ರಿಕೆಯಿಂದ ಮಲಗುವ ಕೋಣೆಯ ಅಲಂಕಾರದ ಪುಟವೊಂದನ್ನು ಹರಿದು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಅದರ ಪ್ರಕಾರ ಮಂಚವನ್ನು ಕಿಟಕಿಗೆ ತಾಗಿಸಿ ಹಾಕಬೇಕು, ಹಾಸಿಗೆಯ ಮಟ್ಟವೂ ಕಿಟಕಿಕಟ್ಟೆಯ ಮಟ್ಟವೂ ಒಂದೇ ಗೆರೆಯಲ್ಲಿರಬೇಕು, ಬಿಳಿ ಹೊದಿಕೆ, ಕಡುಗೆಂಪಿನ ನಾಲ್ಕು ಪುಟ್ಟ ದಿಂಬು, ಕಾಲ ಬಳಿ ಒಂದು ಹಸಿರು ಗಿಡದ ಕುಂಡ, ಇಷ್ಟಿದ್ದರೆ ಮನಸ್ಸು ಹಗುರವಾಗುತ್ತದಂತೆ. ಯಾರ ಮನಸ್ಸು ಎಂದು ಬರೆದಿರಲಿಲ್ಲ. ಗಾಜು ಒಡೆದು ಮೇಲೆ ಬಿದ್ದರೆ, ಗಾಳಿ ಬಡಿದು ಶೀತವಾದರೆ, ಕುಂಡದ ನೀರು ಹಾಸಿಗೆಗೆ ಇಳಿದರೆ, ನಿದ್ದೆಗಣ್ಣಲ್ಲಿ ಉರುಳಿ ರಸ್ತೆಗೇ ಹೋದರೆ, ಎಂದೆಲ್ಲ ನಾನು ಕೇಳಿದ್ದಕ್ಕೆ ಅವಳು, "ಕಿಟಕಿಗೆ ಸರಳು ಇದೆ ರೀ, ನಾನೇನು ಗಾಳಿಪಟವಾ?" ಎಂದಳು. ಬಾಮೈದ ಬಂದು ಮಂಚದ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟು ಮಟ್ಟ ಮಾಡಿ, "ಭಾವ, ಇನ್ನು ನೀವು ಹತ್ತಬೇಕಾದ್ರೆ ಏಣಿ ಹಾಕ್ಕೊಳ್ಳಿ" ಎಂದು ನಕ್ಕು ಹೋದ.

ಆ ಇಟ್ಟಿಗೆಯೇ ನಮಗೆ ಮುಳುವಾದದ್ದು. ನಮ್ಮ ಮುಂದಿನ ರಸ್ತೆಯಲ್ಲಿ ಎರಡಂತಸ್ತಿನ ಬಸ್ಸು ಓಡುವುದನ್ನು ತಾವು ಬಲ್ಲಿರಿ, ತಾವು ಕೆಂಪಾದಾಗ ಅದು ಸರಿಯಾಗಿ ನಮ್ಮ ಕಿಟಕಿಗೇ ಬಂದು ತೊಂಬತ್ತು ಸೆಕೆಂಡು ನಿಲ್ಲುವುದನ್ನೂ ಬಲ್ಲಿರಿ. ಮೊದಲಾದರೆ ಮೇಲಿನ ಅಂತಸ್ತಿನವರಿಗೆ ನಮ್ಮ ಬೀರುವಿನ ನೆತ್ತಿ ಮಾತ್ರ ಕಾಣುತ್ತಿತ್ತು. ಈಗ ಅವರ ಸೀಟು, ನಮ್ಮ ಹಾಸಿಗೆ ಒಂದೇ ಮಟ್ಟ, ನಡುವೆ ಒಂದೂವರೆ ಮಾರು ಗಾಳಿ. ಮೊದಲ ದಿನವೇ ಕೊಡೆ ಹಿಡಿದ ಒಬ್ಬ ಹಿರಿಯರು ನಮ್ಮ ಗೋಡೆಯ ಪಟ ವಾರೆಯಾಗಿದೆ ಎಂದು ಕೊಡೆಯ ತುದಿಯಲ್ಲೇ ತೋರಿಸಿದರು. ಎರಡನೇ ದಿನ ಒಬ್ಬ ಹೆಂಗಸು, ಆ ಕೆಂಪು ದಿಂಬುಗಳು ಚೆನ್ನಾಗಿಲ್ಲ ಎಂದು ಮೂಗು ಮುರಿದರು. ನಮ್ಮ ಮನೆಯವಳು ಅವರಿಗೆ ಕೈಸನ್ನೆಯಲ್ಲೇ ಉತ್ತರ ಕೊಡುವಷ್ಟರಲ್ಲಿ ತಾವು ಹಸಿರಾದಿರಿ, ಅದಕ್ಕೆ ಈಗಲೂ ಕೃತಜ್ಞನಾಗಿದ್ದೇನೆ.

ಮಾನ ಮುಚ್ಚಲೆಂದು ನನಗೆ ತಿಳಿದ ಕೆಲಸವನ್ನೇ ಮಾಡಿದೆ. ದೊಡ್ಡ ಕಚೇರಿಗಳ ಗಾಜಿಗೆ ಅಂಟಿಸುವ ಕನ್ನಡಿ ಹಾಳೆಯನ್ನು ತಂದು, ಒಂದೂ ಗುಳ್ಳೆ ಏಳದಂತೆ ಒತ್ತಿ ಅಂಟಿಸಿದೆ. ಹಗಲು ಹೊತ್ತು ಒಳಗಿನವರಿಗೆ ಅದು ಕಿಟಕಿ, ಹೊರಗಿನವರಿಗೆ ಬರೀ ಕನ್ನಡಿ. ಇನ್ನು ಯಾರೂ ಒಳಗೆ ನೋಡುವುದಿಲ್ಲ ಎಂದು ನೆಮ್ಮದಿಯಿಂದ ಕೈ ಒರೆಸಿಕೊಂಡೆ. ಕನ್ನಡಿ ಕಂಡ ಮನುಷ್ಯ ಸುಮ್ಮನೆ ಮುಂದೆ ಹೋಗುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮರುದಿನದಿಂದ ತಾವು ಕೆಂಪಾದ ತಕ್ಷಣ ಮೇಲಂತಸ್ತಿನ ಅಷ್ಟೂ ಜನ ನಮ್ಮ ಮಂಚದ ಕಡೆ ತಿರುಗಿ ತಲೆ ಬಾಚತೊಡಗಿದರು. ಹಲ್ಲು ಕಿರಿದು ಸಂದಿ ನೋಡಿಕೊಂಡರು. ಮೀಸೆಯಲ್ಲಿ ಬೆಳ್ಳಗಾದ ಒಂದೊಂದೇ ಕೂದಲನ್ನು ಕಿತ್ತರು. ಇವೆಲ್ಲ ನಡೆಯುವುದು ದಿಂಬಿಗೊರಗಿ ಕಾಫಿ ಕುಡಿಯುತ್ತಿರುವ ನಮ್ಮ ಮನೆಯವಳ ಮುಖಕ್ಕೆ ಮುಖ ಕೊಟ್ಟು, ಅವಳು ಅಲ್ಲಿರುವುದೇ ಗೊತ್ತಿಲ್ಲದೆ.

ಅವಳು ನಕ್ಕಳು. ಆಪರೇಷನ್ ಆದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು, ಇದನ್ನು ತಮ್ಮ ಲೆಕ್ಕಕ್ಕೇ ಬರೆಯುತ್ತೇನೆ. ಒಂಬತ್ತೂಕಾಲಿನ ಬಸ್ಸಿನಲ್ಲಿ ಬರುವ ಒಬ್ಬ ತರುಣನಿಗೆ ಟೈ ಕಟ್ಟಿಕೊಳ್ಳಲು ಬರುವುದಿಲ್ಲ. ತಮ್ಮ ತೊಂಬತ್ತು ಸೆಕೆಂಡಿನಲ್ಲಿ ಅವನು ಮೂರು ಸಲ ಕಟ್ಟಿ ಮೂರು ಸಲ ಬಿಚ್ಚುತ್ತಾನೆ. ಅವನ ಗಂಟು ಕೂತ ದಿನ ನಮ್ಮ ಮನೆಯಲ್ಲಿ ಸಂತೋಷ, ಕೂರದ ದಿನ "ಪಾಪ ರೀ, ಅವನ ಆಫೀಸಲ್ಲಿ ಏನಂದ್ರೋ ಏನೋ" ಎಂದು ಮಧ್ಯಾಹ್ನದವರೆಗೂ ಕೊರಗು. ಸಂಜೆ ಒಳಗೆ ದೀಪ ಹಾಕಿದರೆ ಹಾಳೆಯ ಆಟ ತಿರುಗುಮುರುಗಾಗಿ ಹೊರಗಿನವರಿಗೆ ನಾವೇ ಕಾಣುತ್ತೇವಾದ್ದರಿಂದ, ಅಷ್ಟರೊಳಗೆ ನಾನು ಓಡಿಬಂದು ಪರದೆ ಎಳೆಯಬೇಕು. ಅದು ನನ್ನ ಪಾಡು, ಬಿಡಿ.

ಆದರೆ ಮಾನ್ಯರೇ, ದೂರು ಇಲ್ಲಿಂದ ಮುಂದೆ ಇದೆ. ಆಸ್ಪತ್ರೆಯವರು ನಾಲ್ಕು ಹೆಜ್ಜೆ ನಡೆಸಿ, ಮನೆಯಲ್ಲಿ ದಿನಾ ನಡೆಯಲೇಬೇಕೆಂದು ಹೇಳಿ ಕಳಿಸಿದ್ದರು. ಬಚ್ಚಲಿಗೆ ನನ್ನ ಹೆಗಲು ಹಿಡಿದು ಹೋಗಿಬರುವುದು ಬಿಟ್ಟರೆ ಅವಳು ಮಂಚ ಬಿಟ್ಟು ಇಳಿಯಲೇ ಇಲ್ಲ. ವ್ಯಾಯಾಮ ಮಾಡಿಸಲು ಬರುವ ಹುಡುಗಿ, "ಆಂಟಿ, ಏಳಿ, ಬಾಗಿಲವರೆಗೆ ಹೋಗೋಣ" ಎಂದರೆ, "ತಡಿಯಮ್ಮ, ಕೆಂಪು ಬಿತ್ತು, ಈ ಬಸ್ಸೊಂದು ಹೋಗ್ಲಿ" ಎನ್ನುತ್ತಾಳೆ. ಆ ಬಸ್ಸು ಹೋದರೆ ಇನ್ನೊಂದು ಬರುತ್ತದೆ. ಕೊನೆಗೆ ಆ ಹುಡುಗಿಯೂ ಮಂಚದ ತುದಿಯಲ್ಲಿ ಕೂತು ಟೈಯವನಿಗಾಗಿ ಕಾಯುವುದನ್ನು ಕಣ್ಣಾರೆ ಕಂಡೆ. ಆದರೂ ಹೋಗುವಾಗ ಅವಳು ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ಅಂಕಲ್, ತಮಾಷೆಯಲ್ಲ. ಇನ್ನು ಹದಿನೈದು ದಿನ ಹೀಗೇ ಮಲಗಿದ್ರೆ ಮಂಡಿ ಬಿಗಿದುಬಿಡುತ್ತೆ, ಆಮೇಲೆ ಎಷ್ಟು ಎಳೆದ್ರೂ ಮಡಚಲ್ಲ" ಎಂದಳು. ಬಿರುಕು ಬಿಟ್ಟ ಗಾಜನ್ನು ತೆಗೆದು ಹೊಸದು ಹಾಕಬಲ್ಲೆ, ಅವಳ ಕಾಲಿಗೆ ನಾನು ಏನು ಮಾಡಲಿ? ಮಂಚವನ್ನು ಹಿಂದಕ್ಕೆ ಎಳೆದುಬಿಡೋಣವೆಂದರೆ ಆ ನಗು ಹೋಗುತ್ತದೆ, ಅಲ್ಲೇ ಬಿಟ್ಟರೆ ಕಾಲು ಹೋಗುತ್ತದೆ. ಯಾವ ವೈದ್ಯರ ಮಾತಿಗೂ ಇಲ್ಲದ ಹಿಡಿತ ತಮ್ಮ ಒಂದು ಕೆಂಪಿಗೆ ಇದೆ ಎಂದ ಮೇಲೆ ತಮ್ಮ ದೊಡ್ಡಸ್ತಿಕೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಹೀಗಿರುವಾಗ ಕಳೆದ ಸೋಮವಾರ ತಾವು ಕೆಟ್ಟಿರಿ. ಬರೀ ಹಳದಿ ಮಿಣಮಿಣ ಎನ್ನುತ್ತಿತ್ತು. ಬಸ್ಸುಗಳು ನಿಲ್ಲದೆ ಸರ್ರನೆ ಹೋದವು, ಮುಖಗಳೆಲ್ಲ ಕಲಸಿಹೋದವು, ಟೈಯವನು ಕಂಡನೋ ಇಲ್ಲವೋ ತಿಳಿಯಲಿಲ್ಲ. ಅವಳು ಒಂದು ದಿನ ತಡೆದುಕೊಂಡಳು. ಮಂಗಳವಾರ ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದಾಗ ಟಕ್, ಟಕ್ ಎಂದು ಊರುಗೋಲಿನ ಸದ್ದು ಕೇಳಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ, ನೋಡಿದರೆ ಎಲ್ಲಿ ನಿಂತುಬಿಡುತ್ತಾಳೋ ಎಂದು ಹಾಲನ್ನೇ ದಿಟ್ಟಿಸುತ್ತ ನಿಂತೆ, ಹಾಲು ಉಕ್ಕಿತು, ಉಕ್ಕಲಿ ಎಂದು ಬಿಟ್ಟೆ. "ಅಲ್ಲಿ ನಿಂತ್ಕೊಂಡು ಏನ್ ಮಾಡ್ತಿದ್ದೀರ? ಆ ದೀಪಕ್ಕೇನಾಗಿದೆ, ಕೆಳಗೆ ಹೋಗಿ ಕೇಳ್ಕೊಂಡು ಬನ್ನಿ" ಎಂದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, "ನನಗೆ ಪುರುಸೊತ್ತಿಲ್ಲ, ಬೇಕಾದ್ರೆ ನೀನೇ ಕೇಳು" ಎಂದುಬಿಟ್ಟೆ. ಅವಳು ನನ್ನನ್ನು ದಾಟಿಕೊಂಡು ಬಾಲ್ಕನಿಗೆ ಹೋಗಿ, ಕಂಬಿ ಹಿಡಿದು ನಿಂತು, ಕೆಳಗಿದ್ದ ಪೊಲೀಸಪ್ಪನನ್ನು ಕೂಗಿ ತಮ್ಮ ಆರೋಗ್ಯ ವಿಚಾರಿಸಿದಳು. ಮಂಚದಿಂದ ಬಾಲ್ಕನಿಗೆ ಹತ್ತೊಂಬತ್ತು ಹೆಜ್ಜೆ. ಬುಧವಾರ ಆರು ಸಲ ಹೋಗಿಬಂದಳು.

ಗುರುವಾರ ಬೆಳಿಗ್ಗೆ ಯಾರೋ ಏಣಿ ತಂದು ತಮ್ಮನ್ನು ರಿಪೇರಿ ಮಾಡಿದರು. ಒಂಬತ್ತೂಕಾಲಿಗೆ ಅವಳು ಮಂಚದ ಮೇಲಿದ್ದಳು.

ಆದಕಾರಣ ತಾವು ದಯಮಾಡಿ ವಾರಕ್ಕೆ ನಾಲ್ಕು ದಿನವಾದರೂ ಕೆಟ್ಟು ನಿಲ್ಲಬೇಕಾಗಿ ಕೈಮುಗಿದು ಬೇಡುತ್ತೇನೆ. ಹಾಗೆ ಸುಮ್ಮನೆ ಕೆಡಲು ಮೇಲಿನವರು ಬಿಡುವುದಿಲ್ಲವೆಂದರೆ, ಶಾಲೆಯಲ್ಲಿ ನಾನು ಪೂರ್ತಿ ಕಲಿತದ್ದು ರಜಾ ಅರ್ಜಿ ಒಂದನ್ನೇ, ಅದನ್ನು ತಮ್ಮ ಪರವಾಗಿ ಬರೆದು ಇದರ ಜೊತೆ ಲಗತ್ತಿಸಿದ್ದೇನೆ. ಕಾರಣದ ಜಾಗದಲ್ಲಿ ಹೊಟ್ಟೆನೋವು ಎಂದಿದೆ, ನಮ್ಮ ಮೇಷ್ಟರು ಅದನ್ನು ಯಾವತ್ತೂ ತಿರಸ್ಕರಿಸಿದವರಲ್ಲ. ರಜೆಯೂ ಸಾಧ್ಯವಿಲ್ಲದಿದ್ದರೆ ಕೆಂಪು, ಹಳದಿ, ಹಸಿರಿನ ಜೊತೆ ನಾಲ್ಕನೆಯದಾಗಿ ಒಂದು ನೀಲಿ ಬಣ್ಣ ಇಟ್ಟುಕೊಂಡು, ಅದು ಹೊತ್ತಿದಾಗ ನಮ್ಮ ಮನೆಯವಳು ಎದ್ದು ನಡೆಯಬೇಕು ಎಂಬ ಕಾನೂನು ಮಾಡಿಕೊಟ್ಟರೂ ಆದೀತು. ತಮ್ಮ ಮಾತನ್ನಾದರೂ ಕೇಳುತ್ತಾಳೆ.

ಇಂತಿ,
ತಮ್ಮ ಕೆಂಪಿಗೂ ಹಸಿರಿಗೂ ಒಂದೇ ಸಮನೆ ಹೆದರುವ,
ತಮ್ಮ ವಿಶ್ವಾಸಿ,
ಎಡಗಡೆ ಮನೆಯ ಗಾಜಿನವನು

ತಾ.ಕ.: ಬಚ್ಚಿಟ್ಟಿದ್ದ ಈ ಪತ್ರವನ್ನು ನಮ್ಮ ಮನೆಯವಳು ಹುಡುಕಿ ಓದಿ, ಹನ್ನೊಂದು ಅಕ್ಷರ ತಿದ್ದಿ, "ನನ್ನ ಮೇಲೆ ಚಾಡಿ ಬರೆದಿದ್ದೀರಲ್ಲ, ಕೊಡಿ ಇಲ್ಲಿ, ಆ ಕಂಬಕ್ಕೆ ನಾನೇ ಅಂಟಿಸಿ ಬರ್ತೀನಿ" ಎಂದು ಸೀರೆ ಬದಲಾಯಿಸುತ್ತಿದ್ದಾಳೆ. ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು, ಇಳಿಯುತ್ತಾಳಂತೆ. ಆಮೇಲೆ ರಸ್ತೆ ದಾಟಬೇಕು. ಬಸ್ಸನ್ನು ತೊಂಬತ್ತು ಸೆಕೆಂಡು ನಿಲ್ಲಿಸಿಕೊಳ್ಳುವ ತಾವು ನಡೆಯುವವರಿಗೆ ಕೊಡುವುದು ಹದಿನಾಲ್ಕು ಎಂದು ಈಗಷ್ಟೇ ಎಣಿಸಿ ನೋಡಿದೆ. ತಮ್ಮ ಡಬ್ಬಿಯೊಳಗೆ ನಡೆಯುವ ಆ ಪುಟ್ಟ ಹಸಿರು ಮನುಷ್ಯನಿಗೆ ಮಂಡಿಯೇ ಇಲ್ಲ, ಅವನಿಗೇನು ಗೊತ್ತು. ನಮ್ಮ ಮನೆಯವಳಿಗೆ ಒಂದು ನಿಮಿಷವಾದರೂ ಬೇಕು. ಕೊಡದಿದ್ದರೆ ಅವಳು ನಡುರಸ್ತೆಯಲ್ಲಿ ನಿಂತು ತಮ್ಮನ್ನು ಒಮ್ಮೆ ನೋಡುತ್ತಾಳೆ. ಆ ನೋಟವನ್ನು ನಾನು ಬಲ್ಲೆ, ಅದು ಬಿದ್ದ ಮೇಲೆ ಅವಳು ಆಚೆ ದಡ ಮುಟ್ಟುವ ತನಕ ಕೆಂಪಗೆ ನಿಂತಿರದೆ ತಮಗೆ ಬೇರೆ ದಾರಿ ಇರುವುದಿಲ್ಲ.