ಬೀದರಿನ ಅಣಕು ಸೀಟು

ಸುಘೋಷ್ ತನ್ನ ಮುಂದಿನ ಐದೂವರೆ ವರ್ಷಗಳ ದಿಕ್ಕನ್ನು ಬದಲಾಯಿಸಿದ್ದು ಅಮ್ಮನ ಎರಡು ಹನಿ ಕಣ್ಣೀರಿಗಾಗಿ.

ಬೆಂಗಳೂರಿನ ಮೂಡಲಪಾಳ್ಯದ ಬಾಡಿಗೆ ಮನೆಯಲ್ಲಿ ಅವನು ಎರಡು ವರ್ಷದಿಂದ ಡಾಕ್ಟರಾಗಲು ಓದುತ್ತಿದ್ದ. ಮೊದಲ ಸಲ ಬರೆದ ನೀಟ್ ಪರೀಕ್ಷೆ ಕೈಕೊಟ್ಟ ಮೇಲೆ ಅವನ ಓದು ಅವನೊಬ್ಬನದಾಗಿ ಉಳಿಯದೆ ಇಡೀ ಬೀದಿಯ ಸಾರ್ವಜನಿಕ ಕಾಮಗಾರಿಯಾಗಿಬಿಟ್ಟಿತ್ತು. ಮಹಡಿಯ ಮೇಲಿದ್ದ ಮನೆಯೊಡತಿ ಇಂದ್ರಮ್ಮ ಅದರ ಮೇಲ್ವಿಚಾರಕಿ. "ನೆನ್ನೆ ಹತ್ತೂ ನಲವತ್ತಕ್ಕೇ ಲೈಟ್ ಆಫ್ ಆಯ್ತಲ್ಲೋ ಸುಘೋಷಾ, ಡಾಕ್ಟ್ರು ಸೀಟು ಅಂದ್ರೆ ಸೌತೆಕಾಯಾ?" ಎಂದು ಬೆಳಿಗ್ಗೆ ರಂಗೋಲಿ ಹಾಕುತ್ತಲೇ ಲೆಕ್ಕ ಒಪ್ಪಿಸುತ್ತಿದ್ದರು. ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ವಿಶ್ವಾರಾಧ್ಯ, ಅವನು ಹಾಲು ತರಲು ಹೊರಟರೂ ಅಡ್ಡಗಟ್ಟಿ ಸಂಭವನೀಯತೆಯ ಲೆಕ್ಕ ಕೇಳುತ್ತಿದ್ದರು.

ಹೀಗಾಗಿ ಎರಡನೆಯ ಸಲ ಒಳ್ಳೆಯ ಶ್ರೇಯಾಂಕ ಬಂದಾಗ, ಕಾಲೇಜುಗಳ ಆದ್ಯತಾಪಟ್ಟಿಯನ್ನು ಸುಘೋಷ್ ಒಂದು ವಿಶಿಷ್ಟ ಸೂತ್ರದಂತೆ ತುಂಬಿದ. ಮೂಡಲಪಾಳ್ಯದಿಂದ ಹೆಚ್ಚು ದೂರವಿರುವುದು ಮೊದಲು, ಹತ್ತಿರವಿರುವುದು ಕೊನೆಗೆ. ಒಂದನೆಯ ಸ್ಥಾನ ಏಳುನೂರು ಕಿಲೋಮೀಟರ್ ಆಚೆಯ ಬೀದರಿಗೆ ದೊರೆಯಿತು. ಅಲ್ಲಿನ ಒಂದು ಪಿಜಿಯನ್ನೂ ಅವನು ಫೋನಿನಲ್ಲಿ ನೋಡಿಟ್ಟಿದ್ದ. ಒಬ್ಬನೇ ಇರುವ ಕೋಣೆ, ಪ್ರತ್ಯೇಕ ಮೆಟ್ಟಿಲು, ಕಿಟಕಿಯಾಚೆ ಒಂದು ಬೇವಿನ ಮರ. ಆ ಮರಕ್ಕೆ ಅವನ ಅಂಕ ಎಷ್ಟೆಂದು ಗೊತ್ತಿರಲಿಲ್ಲ. ಆ ಚಿತ್ರವನ್ನು ಅವನು ದಿನಕ್ಕೊಮ್ಮೆ, ಹಸಿದವನು ಹೋಟೆಲಿನ ಬೋರ್ಡು ನೋಡುವಂತೆ, ತೆರೆದು ನೋಡುತ್ತಿದ್ದ.

ಹತ್ತು ದಿನದ ಹಿಂದೆ ಅಣಕು ಹಂಚಿಕೆ ಬಂತು. ಇದು ನಿಜವಾದ ಹಂಚಿಕೆಯಲ್ಲ. ಎಲ್ಲಿ ಸಿಗಬಹುದೆಂದು ತೋರಿಸುವ ತಾಲೀಮು. ಇದನ್ನು ನೋಡಿ ಬೇಕಾದವರು ತಮ್ಮ ಪಟ್ಟಿಯನ್ನು ಬದಲಾಯಿಸಿಕೊಳ್ಳಬಹುದು. ಸುಘೋಷನ ಹೆಸರಿನ ಮುಂದೆ ಬೀದರ್ ಎಂದಿತ್ತು. ಅವನು 'ಅಣಕು' ಎಂಬ ಪದವನ್ನು ವಿವರಿಸುವಷ್ಟರಲ್ಲಿ ಇಂದ್ರಮ್ಮ ಬೀದಿಗೆಲ್ಲ ಮೈಸೂರುಪಾಕು ಹಂಚಿ ಆಗಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿದ್ದ ಅಪ್ಪ ಗಿರಿರಾಜ್ ವಿವರಣೆಯನ್ನೇ ತಳ್ಳಿಹಾಕಿದರು. "ಕರಡು ಆದೇಶಕ್ಕೂ ಅಂತಿಮ ಆದೇಶಕ್ಕೂ ದಿನಾಂಕ ಮಾತ್ರ ಕಣೋ ವ್ಯತ್ಯಾಸ. ನನ್ನ ಸರ್ವೀಸಲ್ಲಿ ಬೇರೆ ನೋಡೇ ಇಲ್ಲ."

ಆ ಸಂಜೆ ಸುಘೋಷ್ ನೀರು ಕುಡಿಯಲು ಅಡುಗೆಮನೆಗೆ ಹೋದ. ಅಮ್ಮ ಅನಂತಲಕ್ಷ್ಮಿ ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತು ಮೂಗೆಳೆಯುತ್ತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡರು, ಆದರೂ ಎರಡು ಹನಿ ಕೆನ್ನೆಯಂಚಿನಲ್ಲಿ ಜಾರಿದವು. ಅವನು ನೀರು ಕುಡಿಯದೆಯೇ ಹಿಂತಿರುಗಿದ. ಆ ರಾತ್ರಿ ಬಡಿಸಿದ ಈರುಳ್ಳಿ ಹುಳಿಯನ್ನು ತಟ್ಟೆಯಲ್ಲೇ ಬಿಟ್ಟೆದ್ದ. ಮಾರನೆಯ ದಿನ ಪಟ್ಟಿಯನ್ನು ತೆರೆದು ತಲೆಕೆಳಗು ಮಾಡಿದ. ಬೆಂಗಳೂರು ಮೊದಲು, ಬೀದರ್ ಕೊನೆಗೆ. ಯಾರಿಗೂ ಹೇಳಲಿಲ್ಲ. ಅವನ ಶ್ರೇಯಾಂಕ ಬೆಂಗಳೂರಿನಲ್ಲಿ ಸೀಟು ಸಿಗುವ ಗಡಿಯ ಮೇಲಿತ್ತು. ಆಸೆ ಹುಟ್ಟಿಸಿ ಸಿಗದೇಹೋದರೆ ಅಮ್ಮ ಎರಡು ಸಲ ಅಳಬೇಕಾಗುತ್ತಿತ್ತು. ಅಲ್ಲದೆ, ಬೀದರ್ ಮೊದಲ ಸ್ಥಾನದಲ್ಲಿ ಏಕಿತ್ತು ಎಂಬುದಕ್ಕೆ ಅವನಲ್ಲಿ ಮನೆಯಲ್ಲಿ ಹೇಳಬಹುದಾದ ಉತ್ತರವಿರಲಿಲ್ಲ.

ಅಂತಿಮ ಹಂಚಿಕೆ ಪ್ರಕಟವಾಗಬೇಕಾದದ್ದು ಈ ಶನಿವಾರ ಸಂಜೆ ನಾಲ್ಕಕ್ಕೆ.

ಬೆಳಿಗ್ಗೆ ಎಂಟಕ್ಕೇ ಮೇಷ್ಟ್ರು ಒಂದು ಕಬ್ಬಿಣದ ಟ್ರಂಕನ್ನು ದರದರ ಎಳೆದುಕೊಂಡು ಬಂದರು. "ನಾನು ಬಿ.ಎಡ್ ಮಾಡಿದ ಟ್ರಂಕು ಕಣಯ್ಯ. ತಗೋ. ಆದ್ರೂ ನನಗೊಂದು ಸಂಶಯ. ನಿನ್ನ ರ‍್ಯಾಂಕಿಗೆ ಬೆಂಗಳೂರೇ ಬರಬೇಕಲ್ಲ? ಬೀದರ್ ಹೆಂಗೆ ಬಂತು?"

ಸುಘೋಷನ ಬೆನ್ನಲ್ಲಿ ಬೆವರಿನ ಸರಳರೇಖೆಯೊಂದು ಇಳಿಯಿತು. "ಗಡೀಲಿತ್ತು ಸಾರ್."

"ಗಡಿ ಅಂದ್ರೆ ಒಳಗೋ, ಹೊರಗೋ?"

"ಗಡಿ ಮೇಲೆ ಸಾರ್."

"ಗಡಿ ಮೇಲೆ ಬೇಲಿ ಇರುತ್ತೆ, ಮನುಷ್ಯ ಇರಲ್ಲ" ಎಂದು ಮೇಷ್ಟ್ರು ಕಾಗದ ಪೆನ್ನು ಹಿಡಿದು ಕುಳಿತೇಬಿಟ್ಟರು.

ಒಳಗೆ ಅಮ್ಮ ಗಂಟುಮೂಟೆ ಕಟ್ಟುತ್ತಿದ್ದರು. ಕಂಬಳಿ, ಚಟ್ನಿಪುಡಿ ಸರಿ. ಕುಕ್ಕರೂ ಗೋಣಿಚೀಲ ಸೇರಿದಾಗ ಸುಘೋಷ್ ಹುಬ್ಬೇರಿಸಿದ. "ಅಮ್ಮಾ, ಪಿಜೀಲಿ ಕುಕ್ಕರ್ ಯಾಕೆ?"

"ಇರ್ಲಿ ಬಿಡೋ."

"ಗ್ರೈಂಡರ್ರೂ?"

"ಹೊಸ ಊರು ಕಣೋ. ಯಾವುದಕ್ಕೆ ಏನು ಬೇಕಾಗುತ್ತೋ."

ಅಮ್ಮ ಹಾಡು ಗುನುಗುತ್ತಿದ್ದರು. ದುಃಖವನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಾಳೆ ಎಂದುಕೊಂಡ ಸುಘೋಷ್. ದೇವರ ಪಟಗಳನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿರುವುದನ್ನು ಕಂಡಾಗ ತಡೆಯಲಾರದೆ ಹೊರಗೆ ಬಂದ. ತಾಯಿಯಾದವಳು ಮಗನ ಸಂಗಡ ಮನೆದೇವರನ್ನೂ ಕಳುಹಿಸುವುದೆಂದರೆ!

ಹೊರಗೆ ಇಂದ್ರಮ್ಮ ಕಾದಿದ್ದರು. "ಏನೋ, ಪಿಜಿ ನೋಡಿದೀಯಂತಲ್ಲ? ತೋರ್ಸು."

"ಯಾರು ಹೇಳಿದ್ದು ಆಂಟಿ?"

"ನಿನ್ನ ಫೋನಲ್ಲಿ ಆ ಮರ ನೋಡ್ತಾ ಕೂತಿರ್ತೀಯಲ್ಲ, ಮಹಡಿಯಿಂದ ಕಾಣಿಸಲ್ವಾ? ಕೊಡಿಲ್ಲಿ, ನಾನು ವಿಚಾರಿಸ್ತೀನಿ. ನಿನಗೆ ಮಾತಾಡಕ್ಕೆ ಬರಲ್ಲ."

ಅವನು ಕೊಡಲಿಲ್ಲ, ಅವರು ತೆಗೆದುಕೊಂಡರು. ಮರುಕ್ಷಣ ಸ್ಪೀಕರಿನಲ್ಲಿ ಬೀದರಿನ ಪಿಜಿಯವರ ದನಿ ಮೊಳಗಿತು. "ಹಲೋ, ಹೇಳ್ರಿ."

"ನಮಸ್ಕಾರ, ಬೆಂಗಳೂರಿಂದ. ನಮ್ಮ ಹುಡುಗ ಒಬ್ಬ ಡಾಕ್ಟ್ರು ಓದಕ್ಕೆ ಬರ್ತಾನೆ. ಗೇಟು ಎಷ್ಟು ಗಂಟೆಗೆ ಹಾಕ್ತೀರಿ?"

"ಒಂಬತ್ತಕ್ರಿ."

"ಎಂಟೂವರೆಗೆ ಹಾಕಿ. ಸಾಂಬಾರಿಗೆ ಖಾರ ಕಮ್ಮಿ ಇರ್ಲಿ, ಇವನಿಗೆ ಹೊಟ್ಟೆ ಸೂಕ್ಷ್ಮ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಬೇಕು. ಒಂದು ಸಲ ಎಬ್ಬಿಸಿದ್ರೆ ಏಳಲ್ಲ, ಮೂರು ಸಲ. ಮತ್ತೆ ಆ ಬೇವಿನ ಮರ ಇದೆಯಲ್ಲ, ಅದನ್ನ ಸ್ವಲ್ಪ ಕಡಿಸಿ. ಸೊಳ್ಳೆ ಬರುತ್ತೆ."

ಆ ಕಡೆ ರಿಜಿಸ್ಟರ್ ಮುಚ್ಚಿದ ಸದ್ದು. "ಅಮ್ಮಾರ, ರೂಮ್ ಖಾಲಿ ಇಲ್ರಿ. ಈಗಷ್ಟೇ ತುಂಬ್ತು." ಕರೆ ಕಡಿಯಿತು.

"ನೋಡ್ದಾ? ಒಳ್ಳೇ ಜನ ಅಲ್ಲ" ಎಂದು ಇಂದ್ರಮ್ಮ ಫೋನನ್ನು ಹಿಂತಿರುಗಿಸಿದರು.

ತಾನೇ ಬಿಟ್ಟುಕೊಟ್ಟ ಊರಿನಲ್ಲಿ ತನಗಿನ್ನು ಬೇಡವಾಗಿದ್ದ ಕೋಣೆ ಕೈತಪ್ಪಿದ್ದಕ್ಕೆ ಸುಘೋಷನಿಗೆ ದುಃಖಿಸಲು ತರ್ಕಬದ್ಧ ಕಾರಣವೇ ಇರಲಿಲ್ಲ. ಆದರೂ ಮಧ್ಯಾಹ್ನದ ಊಟ ಅವನಿಗೆ ರುಚಿಸಲಿಲ್ಲ. ಈಗ ಬೇರೆಲ್ಲೂ ಸಿಗದೆ ಪಟ್ಟಿಯ ಕೊನೆಯ ಬೀದರೇ ಗತಿಯಾದರೆ ಅಲ್ಲಿ ಉಳಿಯುವುದಕ್ಕೆ ಆ ಮರದ ಕೊಂಬೆಯೂ ಇಲ್ಲ.

ಮೂರೂ ಮುಕ್ಕಾಲಕ್ಕೆ ನಡುಮನೆ ತುಂಬಿತು. ಅಪ್ಪ ಅರ್ಧ ದಿನ ರಜೆ ಹಾಕಿ ಬಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಉದ್ದನೆಯ ಲಕೋಟೆಯೊಂದನ್ನು ಇಟ್ಟುಕೊಂಡು ಕುಳಿತಿದ್ದರು. ಅದನ್ನು ಆಗಾಗ ಮುಟ್ಟಿನೋಡಿ ಅಮ್ಮನ ಕಡೆಗೆ ಕಣ್ಣು ಮಿಟುಕಿಸುತ್ತಿದ್ದರು. ಮೇಷ್ಟ್ರ ಕಾಗದದ ಎರಡು ಪುಟ ಲೆಕ್ಕದಿಂದ ಕಪ್ಪಾಗಿತ್ತು. ನಾಲ್ಕು ಗಂಟೆ ಆರು ನಿಮಿಷಕ್ಕೆ ಸುಘೋಷನ ಫೋನಿನಲ್ಲಿ ಒಂದು ಸಾಲು ಮೂಡಿತು. ಅವನು ಅದನ್ನು ಮೂರು ಸಲ ಓದಿದ. ನೋಂದಣಿ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ತಾಳೆ ನೋಡಿದ. ಆಮೇಲೆ ಎದ್ದು ಅಮ್ಮನ ಕೈ ಹಿಡಿದುಕೊಂಡ.

"ಅಮ್ಮಾ, ನೀನು ಇನ್ನು ಅಳಬೇಡ. ನಾನು ಎಲ್ಲೂ ಹೋಗಲ್ಲ. ಬೆಂಗಳೂರೇ ಸಿಕ್ತು!"

ಹೋ ಎನ್ನಬೇಕಾಗಿದ್ದ ಮನೆ ಮಂಕಾಗಿ ಕುಳಿತುಬಿಟ್ಟಿತು. ಮೇಷ್ಟ್ರು ಒಬ್ಬರೇ "ನಾನು ಹೇಳ್ಲಿಲ್ವಾ!" ಎಂದು ಕಾಗದ ಎತ್ತಿ ಹಿಡಿದರು.

"ಬೆಂಗಳೂರಾ?" ಎಂದರು ಅಪ್ಪ. ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡವರ ದನಿ ಅದು. "ಬೀದರ್ ಬಂದಿತ್ತಲ್ಲೋ!"

"ಅದು ಅಣಕು ಅಪ್ಪಾ. ಅಮ್ಮ ಅಡುಗೆಮನೇಲಿ ಅಳ್ತಿದ್ದಿದ್ದು ನೋಡಿ ಆಪ್ಷನ್ ಬದಲಾಯಿಸ್ದೆ."

"ನಾನ್ಯಾವಾಗ ಅತ್ತೆ?" ಅಮ್ಮ ಬೆರಗಾದರು.

"ಹತ್ತು ದಿನದ ಹಿಂದೆ. ರಿಸಲ್ಟ್ ಬಂದ ಸಂಜೆ."

ಅನಂತಲಕ್ಷ್ಮಿ ನೆನಪಿಸಿಕೊಂಡರು. ಅವರ ಬಾಯಿ ನಿಧಾನವಾಗಿ ತೆರೆಯಿತು. "ಅಯ್ಯೋ ನನ್ನಪ್ಪಾ, ಅವತ್ತು ಅರ್ಧ ಕೇಜಿ ಈರುಳ್ಳಿ ಹೆಚ್ತಿದ್ನಲ್ಲೋ!"

ಅಪ್ಪ ಲಕೋಟೆಯನ್ನು ತೆಗೆದು, ಯಾರೂ ಕೇಳದಿದ್ದರೂ, ಮೇಜಿನ ಮೇಲಿಟ್ಟರು. ಅದು ಪರಸ್ಪರ ವರ್ಗಾವಣೆಯ ಆದೇಶ. ಮಗ ಪಿಜಿಯ ಊಟ ತಿಂದು ಸೊರಗಬಾರದೆಂದು ಗಿರಿರಾಜರು ಬೀದರಿನ ಅಮೀನಪ್ಪ ಎಂಬ ಗುಮಾಸ್ತರೊಡನೆ ಜಾಗ ಅದಲುಬದಲು ಮಾಡಿಕೊಂಡಿದ್ದರು. ಕೆಲಸ ಮಾತ್ರವಲ್ಲ, ಬಾಡಿಗೆ ಮನೆಗಳೂ ಅದಲುಬದಲು.

"ಹತ್ತೇ ದಿನದಲ್ಲಿ ಆರ್ಡರ್ ಹೆಂಗಾಯ್ತಪ್ಪಾ?"

"ಬೆಂಗಳೂರು ಬಿಟ್ಟು ಹೋಗ್ತೀನಿ ಅಂತ ಕೇಳ್ಕೊಂಡವನು ಸರ್ವೀಸಲ್ಲೇ ನಾನೊಬ್ಬ ಅಂತೆ. ಮನಸ್ಸು ಬದಲಾಯಿಸ್ತಾನೆ ಅಂತ ಅವತ್ತೇ ಸಹಿ ಹಾಕಿಬಿಟ್ರು. ಸೋಮವಾರ ನಾನು ಅಲ್ಲಿ ಹಾಜರಾಗಬೇಕು. ಇವತ್ತು ಸಂಜೆ ಬಸ್ಸಿಗೆ ಮೂರು ಟಿಕೆಟ್ ಮಾಡಿಸಿದೀನಿ. ನಿನಗೆ ಆಶ್ಚರ್ಯ ಆಗ್ಲಿ ಅಂತ ಹೇಳ್ಲಿಲ್ಲ."

ಆಶ್ಚರ್ಯ ಸಂಪೂರ್ಣವಾಗಿ ಆಗಿತ್ತು.

"ಹಾಗಾದ್ರೆ ಇಂದ್ರಮ್ಮ ಆಂಟಿಗೂ ಗೊತ್ತಿತ್ತಾ?"

"ಮನೆ ನಂದಲ್ವೇನೋ? ಬಾಯಿ ಬಿಗಿಹಿಡಿದು ನಂಗೆ ಎಂಟು ದಿನದಿಂದ ಹೊಟ್ಟೆ ಉಬ್ಬರ" ಎಂದರು ಇಂದ್ರಮ್ಮ. "ಪಿಜಿಯವನ ಹತ್ರ ಹಂಗೆ ಮಾತಾಡಿದ್ದು ಯಾಕೆ ಅನ್ಕೊಂಡೆ? ಅಪ್ಪ ಅಮ್ಮನೇ ಬರ್ತಿರೋವಾಗ ನೀನು ಅಡ್ವಾನ್ಸ್ ಕೊಟ್ಟುಬಿಟ್ರೆ!"

ಅಷ್ಟರಲ್ಲಿ ಗೇಟಿನ ಮುಂದೆ ಸಾಮಾನು ತುಂಬಿದ ಲಾರಿಯೊಂದು ನಿಂತಿತು. ಹಿಂದಿನ ಆಟೋದಿಂದ ಇಳಿದದ್ದು ಸಾಕ್ಷಾತ್ ಅಮೀನಪ್ಪ, ಅವರ ಹೆಂಡತಿ ಮತ್ತು ಮಗಳು. ಮೂವರ ಮುಖವೂ ಬಾಡಿದ ವೀಳ್ಯದೆಲೆಯಂತಿತ್ತು.

"ಗಿರಿರಾಜ್ ಸರ, ಎಲ್ಲಾ ಉಲ್ಟಾ ಆಗ್ಯದರಿ" ಎಂದು ಅಮೀನಪ್ಪ ಹೊಸ್ತಿಲಲ್ಲೇ ಕುಸಿದು ಕುಳಿತರು. "ನಮ್ಮ ಐಶ್ವರ್ಯಗ ಅಣಕು ಲಿಸ್ಟಿನಾಗ ಬೆಂಗಳೂರು ಬಂದಿತ್ರಿ. ಅದಕ್ಕಂತೇ ನಾ ವರ್ಗಾ ತಗೊಂಡಿದ್ದು. ಎರಡನೇದು ಮನಿ ಹತ್ರ ಇರ್ಲಿ ಅಂತ ನಾನೇ ಬೀದರ್ ಬರ್ಸಿದ್ದೆ, ಈಗ ದಾರ್ಯಾಗ ನೋಡಿದ್ರ ಬೀದರ್ ಅಂತದ. ಯಾರೋ ಒಬ್ಬ ಪುಣ್ಯಾತ್ಮ ಕಡೀ ಗಳಿಗ್ಯಾಗ ಬೆಂಗಳೂರಿಗೆ ಹಾರ್ಯಾನಂತ."

ಮೇಷ್ಟ್ರು ಹುಡುಗಿಯ ಶ್ರೇಯಾಂಕವನ್ನು ಕೇಳಿ ಬರೆದುಕೊಂಡರು. ಅದು ಸುಘೋಷನಿಗಿಂತ ಹನ್ನೊಂದು ಮೆಟ್ಟಿಲು ಕೆಳಗಿತ್ತು. ಅವರು ಕಾಗದದಿಂದ ತಲೆ ಎತ್ತಿ ಸುಘೋಷನನ್ನು ನೋಡಿದರು. ಎಲ್ಲರೂ ನೋಡಿದರು. ಪುಣ್ಯಾತ್ಮ ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ.

ಆದೇಶ ಹಿಂತಿರುಗುವುದಿಲ್ಲ, ಲಾರಿಯ ಬಾಡಿಗೆಯೂ ಹಿಂತಿರುಗುವುದಿಲ್ಲ. ಕೊನೆಗೆ ತೀರ್ಪು ಕೊಟ್ಟವರು ಇಂದ್ರಮ್ಮ. "ಇದರಲ್ಲೇನಿದೆ ತಲೆ ಕೆಡಿಸ್ಕೊಳೋದು? ಅಮೀನಪ್ಪನವರೇ, ನಿಮ್ಮ ಮಗಳು ಬೀದರಲ್ಲಿ ಅನಂತಲಕ್ಷ್ಮಿ ಕೈ ಅಡುಗೆ ಉಣ್ಲಿ. ನಮ್ಮ ಸುಘೋಷ ಇಲ್ಲಿ ನಿಮ್ಮನೇಲಿ ಉಣ್ಲಿ. ಪಿಜಿಯೂ ಬೇಡ, ಹಾಸ್ಟೆಲ್ಲೂ ಬೇಡ."

"ಹೌದಲ್ರಿ!" ಎಂದರು ಅಮೀನಪ್ಪ. "ಅದೂ ಸರೀನೇ" ಎಂದರು ಗಿರಿರಾಜ್. ಡಾಕ್ಟರುಗಳಾಗಲಿರುವ ಇಬ್ಬರನ್ನು ಯಾರೂ ಕೇಳಲಿಲ್ಲ.

ಹಿರಿಯರು ಸಾಮಾನು ಇಳಿಸುವ ಗಲಾಟೆಯಲ್ಲಿದ್ದಾಗ ಐಶ್ವರ್ಯ ಗೇಟಿನ ಬಳಿ ಸುಘೋಷನ ಪಕ್ಕ ಬಂದು ನಿಂತಳು.

"ಸಾರಿ" ಎಂದ ಅವನು.

"ಇರ್ಲಿ ಬಿಡ್ರಿ" ಎಂದು ಅವಳು ದನಿ ತಗ್ಗಿಸಿದಳು. "ನಮ್ಮ ಓಣಿ ಮಂದಿ ಕಾಟ ತಪ್ಪಿಸ್ಕೊಳ್ಳಾಕ ಏಳುನೂರು ಕಿಲೋಮೀಟರ್ ಲೆಕ್ಕಾ ಹಾಕಿ ಬೆಂಗಳೂರು ಬರ್ದಿದ್ದೆ. ವಿಜಯನಗರದಾಗ ಒಂದು ಪಿಜಿನೂ ನೋಡಿಟ್ಟಿದ್ದೆ. ಅಪ್ಪ ವರ್ಗಾ ತಗೊಂಡಾಗ ಅದೂ ಹೋಯ್ತು. ಕಿಟಕ್ಯಾಗಿಂದ ಹೊಂಗೆ ಮರ ಕಾಣ್ತಿತ್ತು."

ಸುಘೋಷ್ ಫೋನು ತೆರೆದು ಬೇವಿನ ಮರವನ್ನು ಅವಳಿಗೆ ತೋರಿಸಿದ. ಅವಳು ನೋಡಿ, ಸತ್ತವರ ಮನೆಯಲ್ಲಿ ಮಾಡುವಂತೆ, ಒಮ್ಮೆ ತಲೆಯಾಡಿಸಿದಳು.

ಆರೂವರೆಗೆ ಲಾರಿ ಕುಕ್ಕರು, ಗ್ರೈಂಡರು, ದೇವರುಗಳನ್ನು ಹೇರಿಕೊಂಡು ಬೀದರಿಗೆ ಹೊರಟಿತು. ಏಳಕ್ಕೆ ಅಪ್ಪ, ಅಮ್ಮ ಮತ್ತು ಮೂರನೆಯ ಟಿಕೆಟಿನ ಮೇಲೆ ಐಶ್ವರ್ಯ ಬಸ್ಸಿಗೆ ಹೊರಟರು. ಅಮ್ಮ ಆಟೋದಿಂದ ತಲೆ ಹೊರಹಾಕಿ ತಿರುವಿನವರೆಗೂ ಕೈ ಬೀಸಿದರು.

ಸುಘೋಷ್ ತನ್ನದೇ ಮನೆಯ ಮೆಟ್ಟಿಲ ಮೇಲೆ, ಮೇಷ್ಟ್ರ ಟ್ರಂಕಿನ ಪಕ್ಕದಲ್ಲಿ, ಬಾಡಿಗೆಗೆ ಬಂದವನಂತೆ ಕುಳಿತಿದ್ದ. ಮಹಡಿಯಿಂದ ಇಂದ್ರಮ್ಮ ಬಗ್ಗಿ ನೋಡಿದರು.

"ಯಾಕೋ? ಅಳ್ತಿದೀಯಾ?"

"ಇಲ್ಲ ಆಂಟಿ" ಎಂದು ಅವನು ತೋಳಿನಿಂದ ಕಣ್ಣೊರೆಸಿಕೊಂಡ. "ಈರುಳ್ಳಿ."

ಈರುಳ್ಳಿಯ ಬುಟ್ಟಿ ಲಾರಿಯೇರಿ ಅರ್ಧ ಗಂಟೆ ಕಳೆದಿತ್ತು. ಇಂದ್ರಮ್ಮನಿಗೆ ಅದು ಗೊತ್ತಿತ್ತು. ಲಾರಿಗೆ ಏರಿದ ಒಂದೊಂದು ವಸ್ತುವನ್ನೂ ಅವರು ಮಹಡಿಯಿಂದ ನೋಡಿದ್ದರು. ಆದರೆ ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವರು ಏನನ್ನೂ ಕೇಳದೆ ಒಳಗೆ ಹೋದರು.