ಜೇಬಿನಲ್ಲಿದ್ದ ಫ್ಯೂಸು

ಅಂಚೆ ಕಚೇರಿಯ ಗುಮಾಸ್ತ ಬೆಳಗ್ಗೆ ಹಲ್ಲುಜ್ಜುವುದಕ್ಕೂ ಮುಂಚೆ ತನ್ನ ಕಾರಿನ ಹೀಟರ್ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಅವನಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

ಕಾರಣ, ಮಾವ. ಐದು ವರ್ಷಕ್ಕೆ ಸಿಕ್ಕ ಮೂರೇ ದಿನದ ರಜೆ. ಹೆಂಡತಿಯ ಜೊತೆ ಸರೋವರದ ದಡದ ಬಾಡಿಗೆ ಮನೆಗೆ ಹೊರಟಿದ್ದರೆ, ನಿನ್ನೆ ಮಾವ ಫೋನು ಮಾಡಿ "ನಾನೂ ಬರ್ತೀನಿ" ಎಂದುಬಿಟ್ಟಿದ್ದರು. ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ ನಡೆಸುತ್ತಿದ್ದ ನಿವೃತ್ತ ಅಧಿಕಾರಿ ಅವರು. ಇದೇ ಅಳಿಯನನ್ನು, ಅಳಿಯನಾಗುವ ಮುಂಚೆ, ಮೂರು ಸಲ ಫೇಲು ಮಾಡಿದ ಪುಣ್ಯಾತ್ಮ. ಇವತ್ತಿಗೂ ಪಕ್ಕದಲ್ಲಿ ಕೂತರೆ ಗೇರು ಬದಲಿಸಿದಾಗಲೆಲ್ಲ "ಚ್ಚು" ಅನ್ನುತ್ತಾರೆ. ನಾಲ್ಕು ಗಂಟೆಯ ದಾರಿ! ಈ ಚಳಿಯಲ್ಲಿ ಹೀಟರಿಲ್ಲದ ಕಾರನ್ನು ಯಾವ ಮುದುಕರು ಹತ್ತುತ್ತಾರೆ?

"ಹೀಟರ್ ಗಾಳೀನೇ ಬರ್ತಿಲ್ಲ ಕಣೇ. ಪಾಪ, ಮಾವನ್ನ ಹೇಗೆ ಕರ್ಕೊಂಡು ಹೋಗೋದು?"

ಹೆಂಡತಿ ಗಾಬರಿಯಾಗಿ ಪಕ್ಕದ ಮನೆಯ ರೇಡಿಯೊ ಮಾಮನನ್ನು ಕೂಗಿದಳು. ರೇಡಿಯೊ ರಿಪೇರಿಯ ಅಂಗಡಿ ಮುಚ್ಚಿದ ಮೇಲೆ ಬಿಚ್ಚಲು ಏನೂ ಸಿಗದೆ ಅವರ ಕೈ ಕಡಿಯುತ್ತಿತ್ತು. ಎದುರು ಮನೆಯ ಟೈಲರ್ ಕರೆಯದೆಯೇ ಬಂದ.

"ಫ್ಯೂಸ್ ನೋಡಿದ್ಯೇನಪ್ಪ?" ಮಾಮ ಕೇಳಿದರು.

"ನೋಡ್ದೆ ಮಾಮ. ಚೆನ್ನಾಗೇ ಇದೆ." ಸುಳ್ಳೇನಲ್ಲ, ಜೇಬಿನಲ್ಲಿ ಚೆನ್ನಾಗಿಯೇ ಇತ್ತು.

"ಒಂದು ಒದೀರಿ. ನನ್ನ ಹೊಲಿಗೆ ಮಷೀನು ಹಂಗೇ ಸರಿಹೋಗೋದು" ಎಂದು ಟೈಲರ್ ಒದ್ದೇಬಿಟ್ಟ. ಡ್ಯಾಶ್‌ಬೋರ್ಡಿನ ಖಾನೆಯ ಮುಚ್ಚಳ ಕಳಚಿ ಬಿತ್ತು.

"ಬಿಡಿ ಮಾಮ, ರಜೆ ಮುಗಿಸ್ಕೊಂಡು ಬಂದು ನೋಡಿದ್ರಾಯ್ತು."

"ನಿಮ್ಮಾವ ನಡುಗ್ತಾ ಕೂರ್ಬೇಕೇನೋ? ಕರುಳಿಲ್ವಾ ನಿಂಗೆ?" ಮಾಮ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಮೂರು ಸ್ಕ್ರೂ ಬಿಚ್ಚಿ, ಗಾಳಿ ಊದುವ ಮೋಟಾರನ್ನೇ ಕಿತ್ತು ಮನೆಗೆ ಒಯ್ದರು. ಸ್ವಲ್ಪ ಹೊತ್ತಿಗೆ ಬೇಲಿಯಾಚೆಯಿಂದ ಕೂಗು ಬಂತು: "ಲೋ, ಬ್ಯಾಟರಿ ಕೊಟ್ರೆ ಜೋರಾಗಿ ತಿರುಗ್ತಿದೆಯಲ್ಲೋ!"

ಗುಮಾಸ್ತ ಜೇಬನ್ನು ಒತ್ತಿ ಹಿಡಿದುಕೊಂಡ.

"ಇರ್ಲಿ, ಯಾವುದಕ್ಕೂ ಒಂದ್ಸಲ ಬಿಚ್ಚಿ ನೋಡ್ತೀನಿ" ಎಂದರು ಮಾಮ.

ಹತ್ತು ಗಂಟೆಗೆ ಮಾವ ಬಂದಿಳಿದರು. ಕೈಯಲ್ಲಿ ಪೆಟ್ಟಿಗೆಯಿಲ್ಲ, ಮೈಮೇಲೆ ತೆಳ್ಳನೆಯ ಕೋಟು.

"ನಾನು ಬರಲ್ಲಮ್ಮ, ಅದನ್ನ ಹೇಳೋಕೇ ಬಂದೆ. ಹೀಟರ್ ಗಾಳಿ ಬಡಿದ್ರೆ ಕಣ್ಣು ಉರಿಯುತ್ತೆ. ಡಾಕ್ಟ್ರು ಬೇಡ ಅಂದಿದಾರೆ."

ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಕುಣಿದಾಡಿದಳು. "ಅಪ್ಪಾ, ಹೀಟರ್ ಕೆಟ್ಟೋಗಿದೆ! ನೀನು ಬಾ!"

"ಹೌದಾ? ಹಾಗಾದ್ರೆ ತೊಂದರೆಯಿಲ್ಲ" ಎಂದು ಮಾವ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು.

ಗುಮಾಸ್ತ ಕಾರಿಗೆ ನುಗ್ಗಿ ಫ್ಯೂಸನ್ನು ಅದರ ಜಾಗಕ್ಕೆ ತುರುಕಿ, "ಸರಿಹೋಯ್ತು! ನೋಡಿ ಮಾವ, ಬಿಸಿಗಾಳಿ!" ಎಂದು ಗುಂಡಿ ತಿರುಗಿಸಿದ. ಏನೂ ಬರಲಿಲ್ಲ. ಮೋಟಾರು ಪಕ್ಕದ ಮನೆಯಲ್ಲಿತ್ತಲ್ಲ!

"ಒಂದು ಸ್ಪ್ರಿಂಗ್ ಎಲ್ಲೋ ಹಾರಿಹೋಯ್ತಪ್ಪ" ಬೇಲಿಯಾಚೆಯಿಂದ ರೇಡಿಯೊ ಮಾಮ ಕೂಗಿದರು. "ನೀವು ಹೋಗ್ಬನ್ನಿ, ಬರೋದ್ರೊಳಗೆ ಹುಡುಕಿರ್ತೀನಿ."

"ರೀ, ಅಪ್ಪ ಬೆಚ್ಚಗಿನ ಬಟ್ಟೆ ತಂದಿಲ್ಲ. ನಿಮ್ಮ ಸ್ವೆಟರ್ ಬಿಚ್ಕೊಡಿ" ಎಂದಳು ಹೆಂಡತಿ.

ಬಿಚ್ಚಿಕೊಟ್ಟ. ಹಲ್ಲು ಕಟಕಟ ಎನ್ನುತ್ತಿರಲು ಮೊದಲ ಗೇರು ಹಾಕಿದ.

"ಚ್ಚು" ಎಂದರು ಮಾವ, ಸ್ವೆಟರಿನ ತೋಳು ಎಳೆದುಕೊಳ್ಳುತ್ತಾ. "ಕೈ ನಡುಗುತ್ತೆ ಅಳಿಯಂದ್ರೇ. ಆವತ್ತೂ ಇದಕ್ಕೇ ಫೇಲ್ ಮಾಡಿದ್ದು."