ಕಣ್ಣಿಗೆ ಕಾಣದ ಮೋಟಾರಿನ ಪಜೀತಿಗಳು

ಏನು ಕೆಲಸ ಅಂತ ಕೇಳಿದವರಿಗೆ ನಿಜ ಹೇಳಿದಾಗಲೆಲ್ಲ ನನಗೆ ಒಂದಲ್ಲ ಒಂದು ಪಜೀತಿ ಕಾದಿರುತ್ತದೆ. ಕೊಪ್ಪದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ ಎಂದು ಅಲ್ಲಿಗೇ ನಿಲ್ಲಿಸಿದರೆ ಕ್ಷೇಮ. ಬಾಯಿ ಸುಮ್ಮನಿರುವುದಿಲ್ಲ, ಜೊತೆಗೆ ಮೋಟಾರಿನ ಸಂಶೋಧನೆಯೂ ಇದೆ ಅಂದುಬಿಡುತ್ತೇನೆ. ಇದು ತಂತಿ ಸುತ್ತಿದ ಮೋಟಾರಲ್ಲ. ಪ್ರಯೋಗಶಾಲೆಯಲ್ಲಿ ಕಟ್ಟಿದ ಒಂದೇ ಒಂದು ಅಣು. ಬೆಳಕು ಬಿದ್ದರೆ ಅದರ ಅರ್ಧಭಾಗ ಇನ್ನರ್ಧದ ಮೇಲೆ ಒಂದೇ ದಿಕ್ಕಿಗೆ ತಿರುಗುತ್ತದೆ. ಕಟ್ಟುವವರು ಬೇರೆ. ಎಲ್ಲಿ ಸರಾಗವಾಗಿ ತಿರುಗುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಕ್ವಾಂಟಂ ಲೆಕ್ಕ ಹಾಕಿ ಕಂಪ್ಯೂಟರಿನಲ್ಲಿ ಮೊದಲೇ ಹೇಳುವುದು ನನ್ನ ಪಾಲಿನ ಕೆಲಸ.

ಬೆಳಕಿನ ಮೋಟಾರು

ಸುದ್ದಿ ಹೇಗೋ ಕಮ್ಮರಡಿ ಮುಟ್ಟಿತು. ಜೂನ್ ತಿಂಗಳ ಒಂದು ಬೆಳಿಗ್ಗೆ ಅಲ್ಲಿಯ ಕೃಷಿಕರೊಬ್ಬರು ಸುಟ್ಟುಹೋದ ಪಂಪಿನ ಮೋಟಾರನ್ನು ಜೀಪಿನಲ್ಲಿ ಹೇರಿಕೊಂಡು ಬಂದು ನಮ್ಮ ಬಾಗಿಲಲ್ಲಿ ಇಳಿಸಿದರು. ಮಳೆಗಾಲದಲ್ಲಿ ಅದಕ್ಕೆ ಕೆಲಸವಿಲ್ಲ, ಈಗಲೇ ರಿಪೇರಿ ಮಾಡಿಸಿಟ್ಟುಕೊಳ್ಳುವುದು ಅಂತ ಅವರ ಯೋಚನೆ. ನನ್ನ ಮೋಟಾರು ನೀರೆತ್ತುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ ಎಂದು ಕೈಮುಗಿದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಕಾಫಿ ಕುಡಿಯುತ್ತ, ಅದಕ್ಕೆ ಕರೆಂಟು ಎಲ್ಲಿಂದ ಕೊಡುತ್ತೀರಿ ಎಂದು ವಿಚಾರಿಸಿದರು. ಕರೆಂಟು ಬೇಡ, ಬೆಳಕು ಬಿದ್ದರೆ ಸಾಕು ಎಂದೆ.

ಅವರು ಒಮ್ಮೆ ಹೊರಗೆ ನೋಡಿದರು. ಸೂರ್ಯನ ಮುಖ ಕಂಡು ಯಾವ ಕಾಲವಾಗಿತ್ತೋ; ಹಗಲಲ್ಲೇ ಮನೆಯೊಳಗೆ ಲೈಟು ಉರಿಯುತ್ತಿತ್ತು.

"ಅಲ್ಲ ಮಾರಾಯ್ರೆ, ಬೆಳಕಿನ ಮೋಟಾರು ಮಾಡೋದಕ್ಕೆ ನಿಮಗೆ ಕೊಪ್ಪವೇ ಬೇಕಿತ್ತಾ?"

ಗುಡುಗು

ಅಣುವನ್ನು ಕಂಪ್ಯೂಟರಿನಲ್ಲಿ ಚೂರುಚೂರೇ ತಿರುಗಿಸಿ, ಪ್ರತಿ ಸಲವೂ ಅದರ ಶಕ್ತಿ ಎಷ್ಟೆಂದು ಲೆಕ್ಕ ಹಾಕಬೇಕು. ದಿನಗಟ್ಟಲೆ ಹಿಡಿಯುತ್ತದೆ. ಮಧ್ಯೆ ನಿಲ್ಲಿಸುವಂತಿಲ್ಲ ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೆ. ಒಂದು ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಪ್ಲಗ್ ಕಿತ್ತಿದೆ, ಕಂಪ್ಯೂಟರಿನ ಮೇಲೆ ಕಂಬಳಿ ಹೊದೆಸಿದೆ. ಗುಡುಗಿತಂತೆ, ಅಮ್ಮ ಟಿವಿಯ ಜೊತೆಗೆ ಇದನ್ನೂ ಕಾಪಾಡಿದ್ದಳು. ಅಷ್ಟು ದಿನದ ಲೆಕ್ಕ ಹೋಯಿತು, ಇನ್ನು ಮೊದಲಿನಿಂದ ಶುರು ಮಾಡಬೇಕು ಎಂದು ತಲೆಮೇಲೆ ಕೈಹೊತ್ತು ಕೂತೆ.

ಅಮ್ಮ ಸಮಾಧಾನ ಮಾಡಿದಳು. "ಒಂದು ಸುತ್ತು ತಿರುಗಿ ಕಡೆಗೆ ಹೊರಟ ಜಾಗಕ್ಕೇ ಬರ್ತದೆ ಅಂತ ನೀನೇ ಹೇಳಿದ್ದಲ್ಲನಾ? ಈಗ್ಲೂ ಅಲ್ಲೇ ಇದೆ ಬಿಡು."

ಪ್ರದಕ್ಷಿಣೆ

ಶೃಂಗೇರಿಯಲ್ಲಿ ಒಂದು ಉಪನಯನದ ಊಟ. ಪಕ್ಕದ ಎಲೆಗೆ ಕೂತ ವಯಸ್ಸಾದ ಪುರೋಹಿತರು ನನ್ನ ಕೆಲಸ ಕೇಳಿದರು. ಊಟವಾದ ಮೇಲೆ ಫೋನಿನಲ್ಲಿ ಅಣು ತಿರುಗುವ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ಭಕ್ತಿಯಿಂದಲೇ ನೋಡಿದರು. ಆಮೇಲೆ ಮುಖ ಸಣ್ಣದಾಯಿತು. ಇದು ಅಪ್ರದಕ್ಷಿಣೆ ಅಲ್ಲವೇ, ಬಲಕ್ಕೆ ತಿರುಗಿಸಬಾರದೇ ಎಂದರು. ಅದಕ್ಕೆ ಕನ್ನಡಿಯಲ್ಲಿ ಕಂಡಂಥ ಬೇರೆ ಅಣುವನ್ನೇ ಕಟ್ಟಬೇಕು, ಬಹಳ ಕಷ್ಟ ಎಂದೆ. ಸ್ವಲ್ಪ ಯೋಚಿಸಿ, ಇದನ್ನೇ ಆಚೆ ಬದಿಯಿಂದ ನೋಡಿದರೆ ಎಂದು ಕೇಳಿದರು. ಆಗ ಪ್ರದಕ್ಷಿಣೆಯೇ ಎಂದು ಒಪ್ಪಿಕೊಂಡೆ.

ಅವರಿಗೆ ನಿರಾಳವಾಯಿತು. "ಹಾಗಾದರೆ ಅಣುವಿನದೇನೂ ತಪ್ಪಿಲ್ಲ. ನೀವು ಕೂತ ಜಾಗ ಸರಿ ಇಲ್ಲ."

ಈಥೈಲ್

ಹೆಂಡತಿ ಕಡಹಿನಬೈಲಿನ ತವರಿಗೆ ಹೋಗಿದ್ದಳು. ಕರೆತರಲು ನಾನು ಕೊಪ್ಪದಲ್ಲಿ ನರಸಿಂಹರಾಜಪುರದ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಅಣು ಕಟ್ಟುವ ಗೆಳೆಯನ ಫೋನು ಬಂತು. ಆ ಅಣುವಿನ ಅಂಚಿನಲ್ಲಿ ಈಥೈಲ್ ಎಂಬ ಪರಮಾಣುಗಳ ಗುಂಪೊಂದಿತ್ತು. ಅದು ದೊಡ್ಡದು, ತಿರುಗುವಾಗ ಅಡ್ಡ ಬರುತ್ತದೆ; ಅಲ್ಲಿಗೆ ಚಿಕ್ಕದಾದ ಮೀಥೈಲ್ ಹಾಕಬೇಕೆಂದು ನನ್ನ ಲೆಕ್ಕ ಹೇಳುತ್ತಿತ್ತು. ಬಸ್ಸಿನ ಸದ್ದಿಗೆ ಅವನಿಗೆ ಏನೂ ಕೇಳಿಸದೆ ನಾನು ಕೂಗಬೇಕಾಯಿತು.

"ಈಥೈಲ್ ಸಿಕ್ಕಾಪಟ್ಟೆ ದಪ್ಪ ಮಾರಾಯ. ಅದು ಇರೋ ತನಕ ನಮ್ಮ ತಿರುಗಾಟ ನಡೆಯೋದಿಲ್ಲ. ಅದನ್ನ ಬಿಟ್ಟುಬಿಡೋಣ. ಆ ಜಾಗಕ್ಕೆ ಮೀಥೈಲ್ ಬರ್ಲಿ. ಸಣ್ಣಕೆ ಚೆನ್ನಾಗಿದೆ."

ನಮ್ಮ ಕಡೆ ಕೆಲವು ಮನೆಗಳಲ್ಲಿ ಹೆಂಗಸರನ್ನೂ 'ಅದು' ಎಂದೇ ಅನ್ನುವುದು ವಾಡಿಕೆ. ಪಕ್ಕದ ಸೀಟಿನ ಅಜ್ಜಿ ಅಂಥ ಮನೆಯವರು ಎಂದು ನನಗೆ ಹೇಗೆ ಗೊತ್ತಾಗಬೇಕು? ಫೋನು ಇಟ್ಟ ಮೇಲೆ, ನೀನು ಕಡಹಿನಬೈಲಿನ ಇಂಥವರ ಅಳಿಯ ಅಲ್ಲವಾ ಎಂದು ಕೇಳಿದರು. ಹೌದೆಂದೆ. ಮುಖ ಕಿಟಕಿಗೆ ತಿರುಗಿಸಿದವರು ಮತ್ತೆ ನನ್ನ ಕಡೆ ನೋಡಲಿಲ್ಲ.

ನರಸಿಂಹರಾಜಪುರದಲ್ಲಿ ಇಳಿದು ನಾನು ಹಣ್ಣು ಕೊಳ್ಳುವಷ್ಟರಲ್ಲಿ ಅಜ್ಜಿ ಆಟೋ ಹತ್ತಿ ನನಗಿಂತ ಮುಂಚೆ ಕಡಹಿನಬೈಲಿಗೆ ಹೋಗಿದ್ದರು. ಮಾವನ ಮನೆ ಮುಟ್ಟಿದರೆ, ಕೈಕಾಲಿಗೆ ನೀರು ಕೊಡುವವರಿಲ್ಲ. ಅತ್ತೆಯ ಕಣ್ಣು ಕೆಂಪಾಗಿತ್ತು. ಅಳಿಯ ಬಂದ ಅಂದರೆ ಬಾಯ್ತುಂಬ ಮಾತಾಡುವ ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ಕಡೆಗೆ ಪೇಪರು ಮಡಚಿಟ್ಟು ಕೇಳಿದರು.

"ಮೀಥೈಲ್ ಅನ್ನೋ ಹುಡುಗಿ ಯಾವ ಊರಿನವಳು?"

ಎರಡು ಅಂಗೈ ಒಂದರ ಮೇಲೊಂದು ಇಟ್ಟು ಅಣು ಮಾಡಿ, ಕಿರುಬೆರಳನ್ನು ಮೀಥೈಲ್, ಹೆಬ್ಬೆರಳನ್ನು ಈಥೈಲ್ ಮಾಡಿ, ತಿರುಗಿಸಿ ತಿರುಗಿಸಿ ತೋರಿಸಿದೆ. ಮಾವ ಕೆಮ್ಮು ಬರುವ ತನಕ ನಕ್ಕರು. ಅತ್ತೆ ಕಣ್ಣೊರೆಸಿಕೊಂಡು ಕಾಫಿ ಮಾಡಲು ಎದ್ದರು. ಅಂತೂ ಸಂಸಾರ ಉಳಿಯಿತು ಎಂದು ಉಸಿರು ಬಿಟ್ಟೆ.

ಹೆಂಡತಿ ಮಾತ್ರ ನಗಲಿಲ್ಲ. ಬ್ಯಾಗಿಗೆ ಸೀರೆ ತುಂಬುತ್ತಲೇ ಹೇಳಿದಳು.

"ಕೆಮಿಸ್ಟ್ರಿ ಎಲ್ಲ ಅರ್ಥ ಆಯ್ತು. ದಪ್ಪ ಅಂದ ಕೂಡ್ಲೆ ಆ ಅಜ್ಜಿಗೆ ನಾನೇ ಯಾಕೆ ನೆನಪಾದೆ? ಅದನ್ನೂ ಒಂದು ಲೆಕ್ಕ ಹಾಕಿ ಹೇಳಿ."